ಓದಿ ಸಹಿ ಹಾಕಿ: ಗ್ರಾಮ ಪಂಚಾಯಿತಿಯ ಹೊಸ ಸದಸ್ಯರಿಗೆ

ಗ್ರಾಮ ಪಂಚಾಯಿತಿಗೆ ಹೊಸದಾಗಿ ಆರಿಸಿ ಬಂದವರು ಮೊದಲ ತಿಂಗಳಲ್ಲಿ ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: ‘ನಮ್ಮ ವಾರ್ಡಿಗೆ ಎಷ್ಟು ದುಡ್ಡು ಬರುತ್ತೆ ಸಾರ್?’ ದುಡ್ಡಿನ ಪ್ರಶ್ನೆ ಆಮೇಲಿನದು. ನಲ್ಲಿಗೆ ನೀರು ಬರುವುದು, ಬೀದಿದೀಪ ಉರಿಯುವುದು, ಚರಂಡಿಯ ಹೂಳು ಎತ್ತುವುದು, ಎಲ್ಲವೂ ಮೊದಲು ನಡವಳಿ ಪುಸ್ತಕದಲ್ಲಿ ಸರಿಯಾಗಿ ದಾಖಲಾಗಬೇಕು. ಆ ಪುಸ್ತಕವನ್ನು ಓದದೆ ಸಹಿ ಹಾಕುವವರು ಯಾರಿದ್ದೀರಿ ಎಂದು ಸದಸ್ಯರ ತರಬೇತಿಯಲ್ಲಿ ಕೇಳಿದರೆ ಒಂದು ಕೈಯೂ ಮೇಲೇಳುವುದಿಲ್ಲ. ಟೀ ಕುಡಿಯುವ ಹೊತ್ತಿಗೆ ಒಬ್ಬೊಬ್ಬರಾಗಿ ಪಕ್ಕಕ್ಕೆ ಬಂದು ‘ನಾವೂ ಹಾಗೇ ಮಾಡ್ತಿದ್ವಿ’ ಎನ್ನುತ್ತಾರೆ. ಈ ಲೇಖನ ಅವರಿಗಾಗಿ.

ಹಿನ್ನೆಲೆ ಚುಟುಕಾಗಿ. 1993ರ ಪಂಚಾಯತ್ ರಾಜ್ ಕಾಯ್ದೆಯೇ 2016ರಿಂದ ‘ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್’ ಕಾಯ್ದೆ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಬಯಲು ಸೀಮೆಯಲ್ಲಿ ಐದರಿಂದ ಏಳು ಸಾವಿರ ಜನರಿಗೆ ಒಂದು ಪಂಚಾಯಿತಿ. ಮಲೆನಾಡಿನ ಕಡೆ ಎರಡೂವರೆ ಸಾವಿರಕ್ಕೂ ಒಂದು. ಸಭೆ ನಡೆಸುವವರು ಅಧ್ಯಕ್ಷರು, ಕಡತ ನಡೆಸುವವರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ). ಅವರ ಜೊತೆಗೆ ಕಾರ್ಯದರ್ಶಿ, ಬಿಲ್ ಕಲೆಕ್ಟರ್, ಡಾಟಾ ಎಂಟ್ರಿ ಆಪರೇಟರ್, ವಾಟರ್‌ಮ್ಯಾನ್, ಜವಾನ, ಸ್ವಚ್ಛತಾಗಾರ. ಉಳಿದದ್ದನ್ನು ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯ ತರಬೇತಿಗಳಲ್ಲಿ ಹೇಳಿಕೊಡುತ್ತಾರೆ. ತಪ್ಪಿಸಿಕೊಳ್ಳಬೇಡಿ. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಮಂತ್ರಿಯ ಹೆಸರು ಆ ಸಂಸ್ಥೆಗೆ ಸುಮ್ಮನೆ ಬಂದದ್ದಲ್ಲ.

ಸಭೆಗೆ ಮುನ್ನ

ಸಾಮಾನ್ಯ ಸಭೆಗೆ ಪೂರ್ತಿ ಏಳು ದಿನ, ವಿಶೇಷ ಸಭೆಗೆ ಮೂರು ದಿನ ಮೊದಲು ತಿಳಿವಳಿಕೆ ಪತ್ರ ನಿಮ್ಮ ಕೈ ಸೇರಬೇಕು. ಹಿಂದಿನ ರಾತ್ರಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ನಾಳೆ 11ಕ್ಕೆ ಮೀಟಿಂಗ್ ಇದೆ’ ಎಂದು ಹಾಕಿದರೆ ಅದು ತಿಳಿವಳಿಕೆ ಪತ್ರ ಆಗುವುದಿಲ್ಲ. ಪತ್ರದ ಜೊತೆ ವಿಷಯಪಟ್ಟಿ ಇರಲೇಬೇಕು. ಕೈಗೆ ಬಂದ ಕೂಡಲೇ ಕಡೆಯ ಸಾಲು ನೋಡಿ: ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು’. ದೊಡ್ಡ ಮೊತ್ತದ ತೀರ್ಮಾನಗಳು ನುಸುಳುವ ಕಿಂಡಿ ಇದು. ಮೋಟರ್ ಸುಟ್ಟಿದೆ, ಪೈಪ್ ಒಡೆದಿದೆ ಎಂಬಂಥ ತುರ್ತಿಗೆ ಆ ಸಾಲು ಬೇಕು, ನಿಜ. ಲೇಔಟ್ ವಿಚಾರ, ಮಳಿಗೆ ಹರಾಜು, ಗುತ್ತಿಗೆ ನವೀಕರಣ ‘ಇತರ ವಿಷಯ’ವಾಗಿ ಬಂದರೆ ಮಾತ್ರ ‘ಮುಂದಿನ ಸಭೆಯ ವಿಷಯಪಟ್ಟಿಗೆ ಹಾಕಿ ತನ್ನಿ’ ಎಂದು ಎದ್ದು ನಿಂತು ಹೇಳಿ. ಹೇಳಿದ್ದನ್ನು ಬರೆಸಿ.

ನಿಮ್ಮ ವಾರ್ಡಿನ ಕೆಲಸವನ್ನೂ ಬಾಯಲ್ಲಿ ಹೇಳಬೇಡಿ. ಒಂದು ಹಾಳೆಯಲ್ಲಿ ಬರೆದುಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಮೊಹರು, ತಾರೀಖು ಹಾಕಿಸಿಕೊಳ್ಳಿ. ಊರಿನಲ್ಲಿ ಎಲ್ಲರೂ ಪರಿಚಯದವರೇ, ಸ್ವೀಕೃತಿ ಕೇಳಲು ಸಂಕೋಚ ಎನ್ನುವವರಿದ್ದಾರೆ. ಬೇಸಿಗೆಯಲ್ಲಿ ಬಿಂದಿಗೆ ಹಿಡಿದು ಬಂದ ಹೆಂಗಸರ ಮುಂದೆ ನಿಲ್ಲುವಾಗ ಆ ಸಂಕೋಚ ನೆರವಿಗೆ ಬರುವುದಿಲ್ಲ.

ಖಾಲಿ ಬಿಟ್ಟ ಅರ್ಧ ಪುಟ

ಈಗ ಮುಖ್ಯ ವಿಷಯ. ಬಹಳ ಕಡೆ ಸಭೆ ನಡೆಯುವ ಬಗೆ ಹೀಗೆ: ಹಾಜರಾತಿ ಆಗುತ್ತದೆ, ಜಮಾ-ಖರ್ಚು ಗಡಿಬಿಡಿಯಲ್ಲಿ ಓದುತ್ತಾರೆ, ನೀರಿನ ವಿಷಯಕ್ಕೆ ಒಂದು ಗಂಟೆ ಜಗಳ, ಅಷ್ಟರಲ್ಲಿ ಟೀ ಮತ್ತು ಖಾರದ ಮಿಕ್ಸ್‌ಚರ್. ಪ್ಲೇಟು ಕೈಯಲ್ಲಿರುವಾಗಲೇ ನಡವಳಿ ಪುಸ್ತಕ ಎದುರಿಗೆ ಬರುತ್ತದೆ. ಮೇಲೆ ಸಭೆಯ ತಾರೀಖು, ‘ವಿಷಯ 1’ ಎಂದು ಬರೆದ ನಾಲ್ಕು ಸಾಲು, ಕೆಳಗೆ ಅರ್ಧ ಪುಟ ಬಿಳಿ. ‘ಅಕ್ಕಾ, ಸಹಿ ಹಾಕ್ಬಿಟ್ಟು ಹೋಗಿ, ಬಸ್ಸಿಗೆ ಹೊತ್ತಾಗುತ್ತೆ. ನಾವು ಆಮೇಲೆ ಬರ್ಕೋತೀವಿ.’

ಆಮೇಲೆ ಬರೆಯುವುದು ಯಾರು, ಏನು? ಕೆಲವೊಮ್ಮೆ ಸಭೆಯಲ್ಲಿ ಆಡಿದ್ದನ್ನೇ ಬರೆಯುತ್ತಾರೆ. ಸಿಬ್ಬಂದಿಗೆ ಕೆಲಸ ಜಾಸ್ತಿ, ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಕೆಲವೊಮ್ಮೆ ಸಭೆಯಲ್ಲಿ ಸುಳಿಯದ ಬಿಲ್ಲೊಂದು ‘ಸರ್ವಾನುಮತದಿಂದ’ ಪಾಸಾಗಿರುತ್ತದೆ. ವರ್ಷ ಕಳೆದು ಆಡಿಟ್ ಆಕ್ಷೇಪಣೆ ಬಂದಾಗ, ಲೋಕಾಯುಕ್ತಕ್ಕೆ ಯಾರೋ ಅರ್ಜಿ ಹಾಕಿದಾಗ, ಮೊದಲು ತೆರೆಯುವುದು ಇದೇ ಪುಟ. ‘ನಾನು ಓದಿರಲಿಲ್ಲ’ ಎಂಬುದಕ್ಕೆ ಅಲ್ಲಿ ಬೆಲೆಯಿಲ್ಲ, ಸಹಿ ನಿಮ್ಮದೇ.

ಇದನ್ನು ತಡೆಯಲು ಕಾಸು ಖರ್ಚಿಲ್ಲ. ಹೊಸ ನಡವಳಿ ಪುಸ್ತಕ ತೆರೆದ ದಿನವೇ ಎಲ್ಲ ಪುಟಗಳಿಗೂ ಸಂಖ್ಯೆ ಬರೆಸಿ, ಒಟ್ಟು ಇಷ್ಟು ಪುಟಗಳಿವೆ ಎಂದು ಮೊದಲ ಪುಟದಲ್ಲಿ ಪಿಡಿಒ ಅವರಿಂದ ದೃಢೀಕರಣ ಹಾಕಿಸಿ. ಸಭೆಯಲ್ಲಿ ಒಂದೊಂದು ವಿಷಯ ಮುಗಿದಂತೆ ನಿರ್ಣಯವನ್ನು ಅಲ್ಲೇ ಬರೆದು, ಎಲ್ಲರಿಗೂ ಕೇಳುವಂತೆ ಓದಿಸಿ. ಕಡೆಯ ನಿರ್ಣಯ ಮುಗಿದ ಸಾಲಿನ ಕೆಳಗೇ ಅಂಚಿನಿಂದ ಅಂಚಿಗೆ ಗೆರೆ ಎಳೆಯಿರಿ, ಗೆರೆಗೆ ಅಂಟಿಕೊಂಡಂತೆ ಸಹಿ ಹಾಕಿ ತಾರೀಖು ಬರೆಯಿರಿ. ಪುಟದಲ್ಲಿ ಜಾಗ ಉಳಿದಿದ್ದರೆ ಓರೆಯಾಗಿ ಹೊಡೆದುಹಾಕಿ. ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಹಾಜರಾತಿಯ ಸಹಿಯೇ ಬೇರೆ, ನಿರ್ಣಯ ಒಪ್ಪಿದ ಸಹಿಯೇ ಬೇರೆ. ಎರಡನ್ನೂ ಒಂದೇ ಕಡೆ ತೆಗೆದುಕೊಳ್ಳುವ ರೂಢಿ ನಿಮ್ಮಲ್ಲಿದ್ದರೆ ಮೊದಲು ಅದನ್ನು ನಿಲ್ಲಿಸಿ. ಒಪ್ಪಿಗೆ ಇಲ್ಲದಿದ್ದರೆ ಸಭೆಯಿಂದ ಎದ್ದು ಹೋಗಿ ಪ್ರಯೋಜನವಿಲ್ಲ. ‘ಈ ವಿಷಯಕ್ಕೆ ನನ್ನ ವಿರೋಧವಿದೆ, ಕಾರಣ ಇಂತಿದೆ’ ಎಂದು ಸ್ವಂತ ಕೈಬರಹದಲ್ಲಿ ಬರೆದು ಹೋಗಿ. ಬರೆಯಲು ಬಿಡದಿದ್ದರೆ ಅದೇ ದಿನ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಪತ್ರ ಕೊಡಿ. ಮುಂದಿನ ಸಭೆಯ ಮೊದಲ ವಿಷಯ ‘ಹಿಂದಿನ ಸಭೆಯ ನಡವಳಿ ಓದಿ ದೃಢೀಕರಿಸುವುದು’ ಆಗಿರುತ್ತದೆ. ಅದನ್ನು ಹಾರಿಸಲು ಬಿಡಬೇಡಿ. ನಿಮ್ಮ ಫೋಟೊ ಕೆಲಸಕ್ಕೆ ಬರುವುದು ಆಗಲೇ. ಈಗ ಪಂಚತಂತ್ರ ತಂತ್ರಾಂಶವೂ ಇದೆ. ಪುಸ್ತಕದಲ್ಲಿರುವುದಕ್ಕೂ ಅಲ್ಲಿ ಏರಿಸಿದ್ದಕ್ಕೂ ತಾಳೆ ಆಗುತ್ತದೆಯೇ ನೋಡಿ.

ಬರೆಸುವುದರಲ್ಲೂ ಜಾಣತನ ಬೇಕು. ‘ಕುಡಿಯುವ ನೀರಿನ ಸಮಸ್ಯೆ ಬಗ್ಗೆ ಸುದೀರ್ಘವಾಗಿ ಚರ್ಚಿಸಿ, ಅಗತ್ಯ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು’ ಎಂಬ ನಿರ್ಣಯದಿಂದ ಒಂದು ಬಿಂದಿಗೆ ನೀರೂ ಬರುವುದಿಲ್ಲ. ‘ಮಾರಮ್ಮನ ಗುಡಿ ಹಿಂದಿನ ಕೊಳವೆಬಾವಿಯ ಏಳೂವರೆ ಎಚ್‌ಪಿ ಮೋಟರ್ ಎತ್ತಿಸಿ, ಅನುಮೋದಿತ ದರದಂತೆ ರಿವೈಂಡಿಂಗ್ ಮಾಡಿಸುವುದು, ಖರ್ಚು ವರ್ಗ-1ರ ನಿಧಿಯಿಂದ, ಇಷ್ಟು ರೂಪಾಯಿ ಮೀರದಂತೆ, ಇಂಥ ತಾರೀಖಿನೊಳಗೆ, ಬದಲಿಸಿದ ಕೇಬಲ್, ಪೈಪು ಕಚೇರಿಗೆ ಜಮಾ, ಉಸ್ತುವಾರಿ ಕಾರ್ಯದರ್ಶಿಯವರದ್ದು’ ಎಂದು ಬರೆಸಿ. ಯಾವುದು, ಎಷ್ಟು, ಎಲ್ಲಿಂದ, ಯಾವಾಗ, ಯಾರು: ಐದೂ ಇದ್ದರೆ ಮುಂದಿನ ಸಭೆಯಲ್ಲಿ ಕೇಳಲು ನಿಮಗೆ ಬಾಯಿರುತ್ತದೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ಮಾತು. ಈಗ ಹಣ ಪಾವತಿಗೆ ಅಧ್ಯಕ್ಷರ ಡಿಜಿಟಲ್ ಸಹಿ ಬೇಕು. ಪೆನ್‌ಡ್ರೈವ್‌ನಂಥ ಆ ಡಾಂಗಲ್ ಕಚೇರಿಯ ಕಂಪ್ಯೂಟರಿಗೆ ಸದಾ ಚುಚ್ಚಿಕೊಂಡೇ ಇರುವುದನ್ನು, ಅದರ ಪಾಸ್‌ವರ್ಡ್ ಮಾನಿಟರ್ ಅಂಚಿಗೆ ಚೀಟಿಯಲ್ಲಿ ಅಂಟಿಸಿರುವುದನ್ನು ಕಂಡಿದ್ದೇನೆ. ನೀವು ಅಧ್ಯಕ್ಷರಾಗಿದ್ದರೆ ಅದನ್ನು ಮನೆಗೆ ಒಯ್ಯಿರಿ, ಪ್ರತಿ ಪಾವತಿಯ ಬಿಲ್ಲು ನೋಡಿ ನೀವೇ ಒತ್ತಿ. ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಿರುವ ರಾಜ್ಯ ನಮ್ಮದು. ಆದರೂ ಅಧ್ಯಕ್ಷೆಯ ಕುರ್ಚಿಯ ಪಕ್ಕದಲ್ಲಿ ಗಂಡನಿಗೂ ಒಂದು ಕುರ್ಚಿ ಹಾಕುವ ಪಂಚಾಯಿತಿಗಳಿಗೆ ಬರವಿಲ್ಲ. ನಾಳೆ ಕಟಕಟೆಗೆ ಕರೆಯುವಾಗ ಗಂಡನ ಹೆಸರು ಕೂಗುವುದಿಲ್ಲ ತಾಯೀ, ನಿಮ್ಮ ಹೆಸರನ್ನೇ ಕೂಗುತ್ತಾರೆ.

ನೀರು

ಪಂಚಾಯಿತಿಯ ಪ್ರತಿ ಕೊಳವೆಬಾವಿಗೂ ನಂಬರ್ ಹಾಕಿಸಿ. ಆಳ, ಮೋಟರಿನ ಎಚ್‌ಪಿ, ಎಷ್ಟು ಪೈಪ್ ಇಳಿಸಿದೆ, ಕಳೆದ ಸಲ ಎತ್ತಿದ್ದು ಯಾವಾಗ, ಏನು ಬದಲಿಸಿದರು, ಇವನ್ನೆಲ್ಲ ಒಂದು ರಿಜಿಸ್ಟರಿನಲ್ಲಿ ಬರೆಸಿ. ಈ ರಿಜಿಸ್ಟರ್ ಇಲ್ಲದ ಕಡೆ ಒಂದೇ ಮೋಟರ್ ವರ್ಷಕ್ಕೆ ನಾಲ್ಕು ಸಲ ಸುಡುತ್ತದೆ, ಕಾಗದದ ಮೇಲೆ. ರಿಪೇರಿ ದರವನ್ನು ವರ್ಷದ ಆರಂಭದಲ್ಲೇ ಕೊಟೇಶನ್ ಕರೆದು ನಿಗದಿ ಮಾಡಿ. ಏಪ್ರಿಲ್ ಬಿಸಿಲಲ್ಲಿ ಮೋಟರ್ ನಿಂತ ಮೇಲೆ ಚೌಕಾಸಿಗೆ ಸಮಯ ಇರುವುದಿಲ್ಲ. ಬಿಚ್ಚಿದ ಹಳೆ ಸ್ಟಾರ್ಟರ್, ಕೇಬಲ್, ಪೈಪು ದಾಸ್ತಾನು ಪುಸ್ತಕಕ್ಕೆ ಏರಬೇಕು. ಗುಜರಿಗೆ ಹಾಕುವುದಾದರೂ ಹರಾಜಿನಲ್ಲಿ.

ಜಲಜೀವನ್ ಮಿಷನ್ 2019ರಲ್ಲಿ ಬಂದು, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಆಯಿತು. ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂಬುದು ಲೆಕ್ಕ. ನಲ್ಲಿ ಹಾಕಿದ ಕಡೆ ಆ ಲೆಕ್ಕದ ನೀರು ಬರುತ್ತಿದೆಯೇ ಎಂಬುದನ್ನು ಊರಿನ ಕಟ್ಟಕಡೆಯ ಮನೆಯಲ್ಲಿ ಬಿಂದಿಗೆ ಇಟ್ಟು ನೋಡಬೇಕು, ಟ್ಯಾಂಕಿನ ಬುಡದಲ್ಲಿ ನೋಡಿದರೆ ಆಗದು.

ಬ್ಲೀಚಿಂಗ್ ಪೌಡರ್ ವಿಷಯದಲ್ಲಿ ತಪ್ಪು ಜಾಸ್ತಿ. ಟ್ಯಾಂಕಿನ ಮುಚ್ಚಳ ತೆಗೆದು ಪುಡಿಯನ್ನೇ ಸುರಿದು ಇಳಿಯುವ ವಾಟರ್‌ಮ್ಯಾನ್‌ಗಳಿದ್ದಾರೆ. ಅವರಿಗೆ ಯಾರೂ ತೋರಿಸಿಕೊಟ್ಟಿರುವುದಿಲ್ಲ. ತಿಳಿಯಾದ ನೀರಾದರೆ ಸಾವಿರ ಲೀಟರಿಗೆ ಒಳ್ಳೆಯ ಪುಡಿ ಎರಡೂವರೆ ಗ್ರಾಂ ಸಾಕು. 50 ಸಾವಿರ ಲೀಟರ್ ಟ್ಯಾಂಕಿಗೆ 125 ಗ್ರಾಂ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಕಲಸಿ, ಇನ್ನಷ್ಟು ನೀರು ಬೆರೆಸಿ ಬಿಟ್ಟರೆ ಸುಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಿ. ಒಂದು ಗಂಟೆ ಬಿಟ್ಟು ವಾಲ್ವ್ ತೆಗೆಯಿರಿ. ಕೊನೆಯ ನಲ್ಲಿಯ ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಪರೀಕ್ಷಾ ಕಿಟ್ಟಿನಲ್ಲಿ ಬಣ್ಣ ನೋಡಿ ಹೇಳಬಹುದು. ಉಳಿದಿಲ್ಲವೆಂದರೆ ನೀರು ಕೆಟ್ಟಿದೆ ಅಥವಾ ಪುಡಿ ಹಳತಾಗಿದೆ. ಬಾಯಿ ತೆರೆದ ಚೀಲದಲ್ಲಿ ಪಂಪ್‌ಹೌಸಿನ ತೇವದಲ್ಲಿ ಮಳೆಗಾಲ ಕಳೆದ ಪುಡಿಗೆ ವಾಸನೆ ಇರುತ್ತದೆ, ಶಕ್ತಿ ಇರುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಇನ್ನೊಂದು ಮಾತು: ಬ್ಲೀಚಿಂಗ್ ಹಾಕಿದರೆ ಫ್ಲೋರೈಡ್ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ.

ಹಣ, ಕಂದಾಯ

15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021-22ರಿಂದ ಶೇ 60ರಷ್ಟು ನಿರ್ಬಂಧಿತ: ಅದರಲ್ಲಿ ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ ಶೇ 40ರಿಂದಲೂ ಸಂಬಳ ಕೊಡುವಂತಿಲ್ಲ ಎಂಬುದು ನಿಯಮ. ಹೊಸ ಆಯೋಗ, ಹೊಸ ಸುತ್ತೋಲೆ ಬಂದಂತೆ ಪ್ರಮಾಣ ಬದಲಾಗುತ್ತದೆ. ಚಾಲ್ತಿಯಲ್ಲಿರುವ ಸುತ್ತೋಲೆಯ ಪ್ರತಿಯನ್ನು ಪಿಡಿಒ ಅವರಿಂದ ಪಡೆದು ಓದಿದ ಮೇಲೆಯೇ ಕ್ರಿಯಾಯೋಜನೆಗೆ ಕೂರಿ. ನಿಮಗೆ ನಿಜವಾಗಿ ಸ್ವಾತಂತ್ರ್ಯ ಇರುವುದು ಮನೆ ಕಂದಾಯ, ನೀರಿನ ಶುಲ್ಕ, ಮಳಿಗೆ ಬಾಡಿಗೆಯಿಂದ ಬರುವ ವರ್ಗ-1ರ ಹಣದಲ್ಲಿ. ವಸೂಲಿಗೆ ಹೋಗಲು ಸದಸ್ಯರು ಹಿಂಜರಿಯುವುದು ವೋಟಿನ ಭಯದಿಂದ. ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಸದಸ್ಯರೇ ತಮ್ಮ ಬಾಕಿ ಕಟ್ಟಿ ರಸೀದಿಯನ್ನು ಕಚೇರಿ ಫಲಕಕ್ಕೆ ಅಂಟಿಸಲಿ. ಆಮೇಲೆ ಬಿಲ್ ಕಲೆಕ್ಟರ್ ಜೊತೆ ಬೀದಿಗೆ ಇಳಿಯಲಿ. ರಸೀದಿ ಇಲ್ಲದೆ ಯಾರ ಕೈಗೂ ದುಡ್ಡು ಕೊಡಬೇಡಿ ಎಂದು ಜನರಿಗೂ ಹೇಳಿ.

ಇ-ಸ್ವತ್ತು, ಫಾರ್ಮ್ 9, 11ಬಿ ಗೋಜಲನ್ನು ಬಿಡಿಸಲು ಇಲ್ಲಿ ಜಾಗವಿಲ್ಲ. ಸದಸ್ಯರಿಗೆ ಒಂದೇ ಕಿವಿಮಾತು: ಯಾರ ಖಾತೆಗೂ ಶಿಫಾರಸು ಹಿಡಿದು ಕಚೇರಿಗೆ ಹೋಗಬೇಡಿ.

ಕಡೆಯದಾಗಿ ಕೆಲವು ಚುಟುಕು ಮಾತು. ಬೀದಿದೀಪಕ್ಕೆ ಪ್ರತ್ಯೇಕ ಲೈನು, ಮೀಟರು, ಟೈಮರ್ ಇರಲಿ. ಹಗಲೂ ಉರಿಯುವ ದೀಪದ ಬಿಲ್ಲು ಪಂಚಾಯಿತಿಯ ತಲೆಗೇ. ಕಸದ ಗಾಡಿ ಕೊಂಡರೆ ಸಾಲದು, ಹಸಿ-ಒಣ ಬೇರೆ ಮಾಡಿದ್ದನ್ನು ಮಾತ್ರ ತೆಗೆದುಕೊಳ್ಳುವಂತೆ ಗಾಡಿಯ ಹೆಣ್ಣುಮಕ್ಕಳಿಗೆ ಬೆಂಬಲವಾಗಿ ನಿಲ್ಲಿ. ವಾರ್ಡ್ ಸಭೆ, ಗ್ರಾಮ ಸಭೆ ಕನಿಷ್ಠ ಆರು ತಿಂಗಳಿಗೊಮ್ಮೆ ಆಗಬೇಕು, ಫಲಾನುಭವಿ ಪಟ್ಟಿ ಅಲ್ಲೇ ಓದಬೇಕು. ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಜಮಾಬಂದಿ, ಅಂದರೆ ಲೆಕ್ಕ ಮತ್ತು ಕಾಮಗಾರಿಗಳ ತಪಾಸಣೆ, ಇರುತ್ತದೆ. ಕಾಮಗಾರಿ ನೋಡಲು ಹೊರಟಾಗ ಅಳತೆ ಪುಸ್ತಕ ತರಿಸಿ, ಟೇಪು ನೀವೇ ಒಯ್ಯಿರಿ.