ಎಳೆಯ ಹೃದಯಕ್ಕೆ ಸಪೂರ ನಳಿಕೆ

ಸಾವಿರ ಶಿಶುಗಳಲ್ಲಿ ಸುಮಾರು 8-9 ಶಿಶುಗಳಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ. ಹೆಚ್ಚಿನ ದೋಷಗಳನ್ನು ನೋವಿಲ್ಲದ 'ಎಕೊ' ಪರೀಕ್ಷೆಯಿಂದಲೇ ಪತ್ತೆ ಮಾಡಬಹುದು. ಆದರೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡವೆಷ್ಟು, ಕವಲುಗಳು ಹೇಗಿವೆ ಎಂಬುದು ಶಸ್ತ್ರಕ್ರಿಯೆಗೆ ಮುನ್ನ ಖಚಿತವಾಗಿ ತಿಳಿಯಬೇಕಾದಾಗ ಕ್ಯಾಥೆಟರ್ ಪರೀಕ್ಷೆ ಬೇಕಾಗಬಹುದು. 'ಇಷ್ಟು ಚಿಕ್ಕ ಮಗುವಿನ ಹೃದಯಕ್ಕೆ ನಳಿಕೆಯೇ?' ಎಂದು ತಾಯ್ತಂದೆಯರು ಗಾಬರಿಗೊಳ್ಳುವುದು ಸಹಜ.

ಕ್ಯಾಥೆಟರ್ ಎಂದರೆ ಬಾಗುವ, ಟೊಳ್ಳಾದ ನಳಿಕೆ. 1929ರಲ್ಲಿ ಜರ್ಮನಿಯ ವೈದ್ಯ ವರ್ನರ್ ಫೋರ್ಸ್‌ಮನ್ ತಮ್ಮದೇ ತೋಳಿನ ರಕ್ತನಾಳದಿಂದ ಹೃದಯಕ್ಕೆ ಇಂಥ ನಳಿಕೆ ತೂರಿಸಿಕೊಂಡು ಎಕ್ಸ್-ರೇ ತೆಗೆಸಿದರು. 1956ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಅವರಿಗೆ ಸಂದಿತು. ಮಕ್ಕಳಲ್ಲಿ ಸಾಮಾನ್ಯವಾಗಿ ಮಂಪರು ಅಥವಾ ಅರಿವಳಿಕೆ ನೀಡಿ, ತೊಡೆಸಂದಿನ ರಕ್ತನಾಳದಿಂದ ನಳಿಕೆ ಸಾಗಿಸುತ್ತಾರೆ. ಅದರ ಮೂಲಕ ಎಕ್ಸ್-ರೇಯಲ್ಲಿ ಎದ್ದು ಕಾಣುವ ದ್ರವವನ್ನು ಚುಚ್ಚಿ ಚಿತ್ರ ತೆಗೆಯುತ್ತಾರೆ.

ನಳಿಕೆಯ ದಪ್ಪವನ್ನು 'ಫ್ರೆಂಚ್' ಎಂಬ ಅಳತೆಯಲ್ಲಿ ಹೇಳುವುದು ರೂಢಿ. 3 ಫ್ರೆಂಚ್ ಎಂದರೆ 1 ಮಿಲಿಮೀಟರ್. ದೊಡ್ಡವರಿಗೆ 5-6 ಫ್ರೆಂಚ್ ನಳಿಕೆ ಬಳಸಿದರೆ, ಶಿಶುಗಳಿಗೆ 3-4 ಫ್ರೆಂಚ್ ಸಾಕು. ದಪ್ಪ ನಳಿಕೆ ಶಿಶುವಿನ ಅಪಧಮನಿಯನ್ನೇ ತುಂಬಿಬಿಟ್ಟರೆ ಕಾಲಿಗೆ ರಕ್ತ ಸಾಲದೆ, ಹೆಪ್ಪುಗಟ್ಟಬಹುದು. ಹಾಗೆಂದು ತೀರಾ ಸಪೂರವಾದರೂ ಕಷ್ಟ. ಒಳರಂಧ್ರದ ಅಗಲ ಅರ್ಧವಾದರೆ ಅದೇ ಒತ್ತಡದಲ್ಲಿ ಹರಿಯುವ ದ್ರವ ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ! ದ್ರವ ನಿಧಾನವಾದರೆ ಚಿತ್ರ ಮಸುಕು. ಆದ್ದರಿಂದ ತೆಳು ಗೋಡೆಯ, ತುದಿಯಲ್ಲಿ ಹಲವು ರಂಧ್ರಗಳಿರುವ ನಳಿಕೆಗಳುಂಟು. ದ್ರವದ ಪ್ರಮಾಣವನ್ನು ಮಗುವಿನ ತೂಕ ನೋಡಿ ಮಿತಗೊಳಿಸುತ್ತಾರೆ. ಅತಿಯಾದರೆ ಮೂತ್ರಪಿಂಡಕ್ಕೆ ತೊಂದರೆ.

ಪೋಷಕರು ಗಮನಿಸಬೇಕಾದುದಿಷ್ಟು: ಮಗುವಿಗೆ ಜ್ವರ, ಕೆಮ್ಮು, ಔಷಧಿಯ ಅಲರ್ಜಿ ಇದ್ದರೆ ಮೊದಲೇ ತಿಳಿಸಿ. ಹೇಳಿದಷ್ಟು ಹೊತ್ತು ಮಾತ್ರ ಉಪವಾಸವಿಡಿ. ಮೈ ನೀಲಿಗಟ್ಟುವ ಮಕ್ಕಳ ರಕ್ತ ಮೊದಲೇ ಮಂದವಾಗಿರುವುದರಿಂದ ನೀರಿನಂಶ ಕಡಿಮೆಯಾಗುವುದು ಅಪಾಯ.

ಪರೀಕ್ಷೆಯ ನಂತರ ಹೇಳಿದಷ್ಟು ಹೊತ್ತು ಆ ಕಾಲನ್ನು ಮಡಚಗೊಡದಿರಿ. ಎರಡೂ ಪಾದಗಳನ್ನು ಮುಟ್ಟಿ ಹೋಲಿಸಿ ನೋಡಿ. ಒಂದು ತಣ್ಣಗಾಗಿ ಬಿಳಿಚಿಕೊಂಡರೆ ತಕ್ಷಣ ದಾದಿಗೆ ತಿಳಿಸಿ. ಬೇಗ ಗೊತ್ತಾದರೆ, ಹೆಪ್ಪು ತಡೆಯುವ ಔಷಧದಿಂದ ಬಹಳಷ್ಟು ಮಕ್ಕಳಲ್ಲಿ ರಕ್ತಸಂಚಾರ ಮರಳುತ್ತದೆ. ಚುಚ್ಚಿದ ಜಾಗದಲ್ಲಿ ರಕ್ತ ಒಸರಿದರೆ ಗಟ್ಟಿಯಾಗಿ ಒತ್ತಿ ಹಿಡಿದು ಕರೆಯಿರಿ. ಮನೆಗೆ ಬಂದ ಮೇಲೆ ಜ್ವರ ಬಂದರೂ ಆಸ್ಪತ್ರೆಗೆ ತಿಳಿಸಲು ಸಂಕೋಚ ಬೇಡ.