ಪಿಕಪ್ಪಿಗೆ ಬೋರ್‌ವೆಲ್ ನೀರು ಬೇಡ

ಹೊಂಗನೂರು ಕಡೆಯಿಂದ ರಾಮನಗರದ ರೇಷ್ಮೆಗೂಡು ಮಾರುಕಟ್ಟೆಗೆ, ಎಳನೀರು ಹೊತ್ತು ಮದ್ದೂರಿಗೆ ಓಡುವ ಪಿಕಪ್‌ಗಳ ರೇಡಿಯೇಟರಿಗೆ ಬೋರ್‌ವೆಲ್ ನೀರು ಸುರಿಯುವುದು ಬೇಡವೇ ಬೇಡ. ಗಡಸು ನೀರಿನ ಸುಣ್ಣ ಹಂಡೆಯ ತಳದಲ್ಲಿ ಕಟ್ಟುವಂತೆಯೇ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ, ಎಂಜಿನ್ ಕಾಯುತ್ತದೆ.

ರೇಡಿಯೇಟರಿಗೆ ಬೇಕಾದದ್ದು ಕೂಲಂಟ್, ಅದನ್ನು ಮನೆಯಲ್ಲೇ ಬದಲಿಸಬಹುದು. ಎಂಜಿನ್ ಮಾತ್ರ ಪೂರ್ತಿ ಆರಿರಬೇಕು. ಬಿಸಿಯಲ್ಲಿ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಕೆಳಗೆ ಬೇಸನ್ ಇಟ್ಟು ಹಳೆಯದನ್ನು ಇಳಿಸಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ಗಾಡಿಯ ಕೈಪಿಡಿ ಹೇಳಿದ ಕೂಲಂಟನ್ನೇ ತುಂಬಿ. ಗಟ್ಟಿ ಕೂಲಂಟಿಗೆ ಸಾಮಾನ್ಯವಾಗಿ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್. ಒಳಗಿನ ಗಾಳಿ ಹೊರಬಂದಂತೆ ಮಟ್ಟ ಇಳಿಯುತ್ತದೆ. ಎಂಜಿನ್ ಓಡಿಸಿ, ಆರಿದ ಮೇಲೆ ಮತ್ತೆ ನೋಡಿ.

ಇಳಿಸಿದ್ದನ್ನು ಚರಂಡಿಗೆ ಚೆಲ್ಲಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ನಾಯಿ, ಕರು ನೆಕ್ಕಿದರೆ ಮೂತ್ರಪಿಂಡವೇ ಕೆಡುತ್ತದೆ. ಕ್ಯಾನಿಗೆ ತುಂಬಿ, ಮುಚ್ಚಳ ಬಿಗಿದು ಗ್ಯಾರೇಜಿಗೆ ಕೊಡಿ.