ಬೀಜಭಕ್ಷಕ ಇರುವೆಗಳು ಮತ್ತು ವಿರಳ ಸಸ್ಯಗಳು

ಮುಂಬಯಿ ಮಹಾನಗರದ ಉತ್ತರ ಭಾಗದಲ್ಲಿ, ಬೋರಿವಲಿ ಮತ್ತು ಠಾಣೆಗಳ ನಡುವೆ, ಸುಮಾರು 104 ಚದರ ಕಿಲೋಮೀಟರ್ ವಿಸ್ತಾರದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ. ಇಲ್ಲಿನ ಚಿರತೆಗಳ ವಿಷಯದಲ್ಲಿ ಜನರಿಗೆ ಕುತೂಹಲವೂ ಭಯವೂ ಉಂಟು. ಆದರೆ ಕಾಡಿನ ಸಸ್ಯಸಂಪತ್ತಿನ ಭವಿಷ್ಯವನ್ನು ನಿರ್ಧರಿಸುವ ಜೀವಿಗಳಲ್ಲಿ ಕಾಲಡಿಯ ಇರುವೆಯೂ ಒಂದೆಂಬ ಸಂಗತಿ ಅನೇಕರ ಗಮನಕ್ಕೆ ಬಂದಿಲ್ಲ.

ಬೀಜ ಕೂಡಿಡುವ ಇರುವೆಗಳು

ರಾಗಿಯ ಸಸಿಮಡಿಗೆ ಬಿತ್ತಿದ ಬೀಜವನ್ನು ಇರುವೆಗಳು ಹೊತ್ತೊಯ್ಯುವುದನ್ನು ರೈತರು ಬಲ್ಲರು. ಈ ವರ್ತನೆಯನ್ನು ಪಶ್ಚಿಮ ಭಾರತದಲ್ಲಿ ವೈಜ್ಞಾನಿಕವಾಗಿ ದಾಖಲಿಸಿದವರಲ್ಲಿ ಕರ್ನಲ್ ಸೈಕ್ಸ್ ಮೊದಲಿಗರು. ಪುಣೆಯಲ್ಲಿ ಮಳೆಗೆ ನೆನೆದ ಹುಲ್ಲಿನ ಬೀಜಗಳನ್ನು ಇರುವೆಗಳು ಗೂಡಿನಿಂದ ಹೊರತಂದು ಬಿಸಿಲಿಗೆ ಹರಡುವುದನ್ನು ಅವರು ಕಂಡರು. ಅವರು 1835ರಲ್ಲಿ ವರ್ಣಿಸಿದ ಆ ಪ್ರಭೇದವು ಇಂದು ಫೈಡೋಲೆ ಕುಲಕ್ಕೆ ಸೇರಿದೆ. 1883ರಲ್ಲಿ ಸ್ಥಾಪಿತವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ಅರಣ್ಯಾಧಿಕಾರಿ ರಾಟನ್ 1892ರಲ್ಲಿ ಈ ಪ್ರದೇಶದ ಇರುವೆಗಳನ್ನು ಕುರಿತು ಬರೆದರು.

ಬೀಜ ತಿನ್ನುವ ಫೈಡೋಲೆ ಇರುವೆಗಳ ಗೂಡಿನಲ್ಲಿ ಕೆಲಸದ ಹಂಚಿಕೆ ಕಂಡುಬರುತ್ತದೆ. ಚಿಕ್ಕ ಇರುವೆಗಳು ಬೀಜಗಳನ್ನು ಹೊತ್ತು ತರುತ್ತವೆ. ದೊಡ್ಡ ತಲೆಯ ಇರುವೆಗಳು ಬಲವಾದ ದವಡೆಗಳಿಂದ ಅವನ್ನು ಒಡೆಯುತ್ತವೆ. ಹೊಟ್ಟನ್ನು ಗೂಡಿನ ಬಾಯಿಯ ಸುತ್ತ ಚೆಲ್ಲಲಾಗುತ್ತದೆ.

ಉಪಕಾರವೂ ಉಂಟು

ಬೀಜ ಒಯ್ಯುವ ಇರುವೆಗಳೆಲ್ಲವೂ ಅದನ್ನು ನಾಶಮಾಡುವುದಿಲ್ಲ. ಹರಳು ಬೀಜದ ತುದಿಯಲ್ಲಿ ಮೆತ್ತನೆಯ ಸಣ್ಣ ಗಂಟಿರುತ್ತದೆ. ಇಂತಹ ಜಿಡ್ಡಿನ ಭಾಗದ ಆಸೆಗೆ ಇರುವೆಗಳು ಬೀಜವನ್ನು ಒಯ್ಯುತ್ತವೆ. ಗಂಟನ್ನಷ್ಟೇ ತಿಂದು ಉಳಿದುದನ್ನು ಬಿಸುಡುತ್ತವೆ. ಜಗತ್ತಿನಲ್ಲಿ 11,000ಕ್ಕೂ ಹೆಚ್ಚು ಸಸ್ಯಪ್ರಭೇದಗಳು ಬೀಜಪ್ರಸಾರಕ್ಕೆ ಇರುವೆಗಳನ್ನು ಅವಲಂಬಿಸಿವೆಯೆಂದು ಅಂದಾಜಿಸಲಾಗಿದೆ. ಬೀಜಭಕ್ಷಕ ಇರುವೆಗಳ ದಾರಿಯಲ್ಲಿ ಬಿದ್ದುಹೋದ ಅಥವಾ ಉಗ್ರಾಣದಲ್ಲಿ ಮರೆತುಹೋದ ಬೀಜಗಳೂ ಮೊಳೆಯುವುದುಂಟು.

ಈ ಸಂಬಂಧ ಕೆಟ್ಟರೆ ಸಸ್ಯಕ್ಕೂ ಕೇಡು. ದಕ್ಷಿಣ ಆಫ್ರಿಕದ ಕೇಪ್ ಪ್ರದೇಶದಲ್ಲಿ ಹೊರಗಿನಿಂದ ಬಂದ ಅರ್ಜೆಂಟೈನಾ ಇರುವೆ ಸ್ಥಳೀಯ ಇರುವೆಗಳನ್ನು ಓಡಿಸಿತು. ಅದು ಬೀಜಗಳನ್ನು ಮಣ್ಣಿನೊಳಗೆ ಒಯ್ಯದೆ ನೆಲದ ಮೇಲೆಯೇ ಬಿಟ್ಟಿದ್ದರಿಂದ ಮಿಮೆಟಿಸ್ ಎಂಬ ಪೊದೆಯ ಸಸಿಗಳು ಕಡಿಮೆಯಾದುದು 1984ರ ಅಧ್ಯಯನದಲ್ಲಿ ತಿಳಿದುಬಂದಿತು.

ವಿರಳ ಸಸ್ಯದ ಲೆಕ್ಕ

ವಿರಳ ಸಸ್ಯಕ್ಕೆ ಅಪಾಯ ಹೆಚ್ಚೇಕೆ? ಒಂದು ಕಾಲ್ಪನಿಕ ಲೆಕ್ಕದಿಂದ ಇದನ್ನು ತಿಳಿಯಬಹುದು. ಒಂದು ಇಳಿಜಾರಿನಲ್ಲಿ ಸಾಮಾನ್ಯ ಹುಲ್ಲಿನ 10,000 ಬೀಜಗಳೂ ವಿರಳ ಸಸ್ಯವೊಂದರ 200 ಬೀಜಗಳೂ ಬಿದ್ದಿವೆಯೆನ್ನೋಣ. ಹತ್ತರಲ್ಲಿ ಒಂಬತ್ತನ್ನು ಇರುವೆಗಳು ಒಯ್ದರೆ ಹುಲ್ಲಿಗೆ 1,000 ಬೀಜ ಉಳಿಯುತ್ತದೆ. ವಿರಳ ಸಸ್ಯಕ್ಕೆ ಉಳಿಯುವುದು 20 ಮಾತ್ರ. ಅವುಗಳಲ್ಲಿ ಎರಡು ಮೊಳೆತು, ಮುಂಗಾರು ನಡುವೆ ಕೈಕೊಟ್ಟು ಆ ಎರಡೂ ಒಣಗಿದರೆ, ಆ ವರ್ಷದ ಸಂತಾನವೇ ಇಲ್ಲವಾಗುತ್ತದೆ.

ಸಾಮಾನ್ಯವಾಗಿ ಇರುವೆಗಳು ಹೇರಳವಾಗಿ ಸಿಗುವ ಬೀಜದತ್ತ ಹೆಚ್ಚು ಒಲಿಯುತ್ತವೆ. ಇದರಿಂದ ವಿರಳ ಸಸ್ಯಕ್ಕೆ ಕೆಲಮಟ್ಟಿನ ರಕ್ಷಣೆ ದೊರೆಯುತ್ತದೆ. ಆದರೆ ಹುಲ್ಲು ಹೆಚ್ಚಿದಲ್ಲಿ ಇರುವೆಗಳ ಸಂಖ್ಯೆಯೂ ಹೆಚ್ಚಬಹುದು. ಹುಲ್ಲಿನ ಬೀಜ ಮುಗಿದೊಡನೆ ಅವು ಉಳಿದ ಬೀಜಗಳತ್ತ ತಿರುಗಬಹುದು. ಅಮೆರಿಕದ ಇಡಾಹೋ ರಾಜ್ಯದಲ್ಲಿ ಮಾತ್ರ ಬೆಳೆಯುವ, ಸಾಸಿವೆಯ ಕುಟುಂಬಕ್ಕೆ ಸೇರಿದ ಲೆಪಿಡಿಯಂ ಪ್ಯಾಪಿಲಿಫೆರಂ ಎಂಬ ಗಿಡದ ಕಾಯಿಗಳನ್ನು ಇರುವೆಗಳು ಗಿಡವನ್ನೇರಿ ಕಿತ್ತೊಯ್ಯುತ್ತವೆ. ಗೂಡಿನ ಸಮೀಪದ ಗಿಡಗಳು ಬೀಜದ ಬಹುಭಾಗವನ್ನು ಕಳೆದುಕೊಳ್ಳುವುದುಂಟು.

ಸಂಜಯ್ ಗಾಂಧಿ ಉದ್ಯಾನದ ಕಾರ್ವಿ ಗಿಡ ಬೇರೊಂದು ಉಪಾಯವನ್ನು ಅನುಸರಿಸುತ್ತದೆ. ಏಳೆಂಟು ವರ್ಷಗಳಿಗೊಮ್ಮೆ ಗುಡ್ಡವೆಲ್ಲ ಒಟ್ಟಿಗೆ ಹೂಬಿಡುತ್ತದೆ. 2016ರಲ್ಲಿ ಹಾಗೆ ಅರಳಿತ್ತು. ಬೀಜಭಕ್ಷಕಗಳು ತಿಂದು ಮಿಗುವಷ್ಟು ಬೀಜ ಏಕಕಾಲಕ್ಕೆ ಉದುರುವುದರಿಂದ ವಂಶ ಉಳಿಯುತ್ತದೆ. ಕೊಂಕಣದ ಗುಡ್ಡಗಳಲ್ಲಿ ಅಲ್ಲೊಂದು ಇಲ್ಲೊಂದು ಕಾಣುವ ಸೆರೋಪೀಜಿಯ ಬಳ್ಳಿಗಳಿಗೆ ಈ ಸೌಲಭ್ಯವಿಲ್ಲ. ರೇಷ್ಮೆಯಂತಹ ಕೂದಲಿನ ನೆರವಿನಿಂದ ಅವುಗಳ ಬೀಜ ಗಾಳಿಯಲ್ಲಿ ತೇಲುತ್ತದೆ. ಆದರೆ ಎಲ್ಲಿ ಇಳಿದರೂ ನೆಲದ ಜೀವಿಗಳ ಪಾಲಾಗುವ ಸಂಭವವಿದ್ದೇ ಇದೆ.

ಸಂರಕ್ಷಣೆಯ ಮಾರ್ಗ

ಹಾಗೆಂದು ಇರುವೆಗಳಿಗೆ ವಿಷ ಹಾಕುವುದು ಪರಿಹಾರವಲ್ಲ. ಬೀಜ ತಿನ್ನುವ ಇರುವೆಯೊಂದಿಗೆ ಬೀಜ ಹರಡುವ ಇರುವೆಯೂ ಸಾಯುತ್ತದೆ. ಬರಿದಾದ ಜಾಗಕ್ಕೆ ಸೊಲೆನೊಪ್ಸಿಸ್ ಜೆಮಿನೇಟದಂತಹ ಪರದೇಶದ ಇರುವೆ ನುಗ್ಗಬಹುದು. ಅಮೆರಿಕ ಮೂಲದ ಈ ಬೆಂಕಿ ಇರುವೆ ಈಗ ಭಾರತದಲ್ಲಿಯೂ ನೆಲೆಸಿದೆ, ಬೀಜಗಳನ್ನೂ ತಿನ್ನುತ್ತದೆ. ಅಗೆದು ಕೆದಕಿದ ಬಯಲು ನೆಲ ಅದಕ್ಕೆ ಪ್ರಿಯ. ರಸ್ತೆ, ಕಟ್ಟಡಗಳು ಕಾಡನ್ನು ಅಂಚಿನಿಂದ ಕೊರೆಯುತ್ತಿರುವ ಮಹಾನಗರದಲ್ಲಿ ಇದು ಗಮನಿಸತಕ್ಕ ವಿಷಯ.

ಕೆಲವು ಗಿಡಗಳ ಸುತ್ತ ಇರುವೆ ನುಸುಳದ ತಡೆಯನ್ನಿಟ್ಟು, ಕೆಲವನ್ನು ಹಾಗೆಯೇ ಬಿಟ್ಟು, ಮುಂದಿನ ಮಳೆಗಾಲದಲ್ಲಿ ಎರಡೂ ಕಡೆಯ ಸಸಿಗಳನ್ನು ಎಣಿಸುವುದು ಸರಿಯಾದ ಮೊದಲ ಹೆಜ್ಜೆ. ಸಸಿಗಳ ಸಂಖ್ಯೆಯಲ್ಲಿ ವ್ಯತ್ಯಾಸ ಕಾಣದಿದ್ದರೆ ಕೊರತೆಗೆ ಕಾರಣ ಇರುವೆಯಲ್ಲ; ನೆರಳು, ನೀರು, ಬೆಂಕಿ ಅಥವಾ ತುಳಿತದಲ್ಲಿ ಅದನ್ನು ಹುಡುಕಬೇಕು. ವ್ಯತ್ಯಾಸ ಕಂಡಲ್ಲಿ ಒಂದಿಷ್ಟು ಬೀಜ ಸಂಗ್ರಹಿಸಿ, ಸಸ್ಯಕ್ಷೇತ್ರದಲ್ಲಿ ಸಸಿ ಬೆಳೆಸಿ, ಕಾಡಿಗೆ ಮರಳಿಸಬಹುದು.

ನಾಗರಿಕರ ಪಾತ್ರವೂ ಅಲ್ಪವಲ್ಲ. ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಪ್ರಕಾರ ರಾಷ್ಟ್ರೀಯ ಉದ್ಯಾನದಿಂದ ಗಿಡಗಳನ್ನು ಅನುಮತಿಯಿಲ್ಲದೆ ಒಯ್ಯುವಂತಿಲ್ಲ. ಇನ್ನೂರು ಬೀಜಗಳ ಸಸ್ಯಕ್ಕೆ ಇರುವೆಯ ಪಾಲು ಪ್ರಕೃತಿ ನಿಯಮ. ಅದರ ಮೇಲೆ ಹೂ ಕೀಳುವ ಕೈಯ ಪಾಲೂ ಸೇರಿದರೆ ಮುಂದಿನ ವರ್ಷಕ್ಕೆ ಏನೂ ಉಳಿಯದೆ ಹೋಗಬಹುದು.